ಸೀರೆ ಬಿಟ್ಟು ಕೊಂಡ ಫಿಲ್ಟರು

ಹಾಲು ಕಾಯಿಸಿದೆ, ಗಿರಣಿಗೆ ಹೋಗಿ ಹಿಟ್ಟು ತಂದೆ, ನಮ್ಮವರ ಎರಡು ಅಂಗಿಗೆ ಗುಂಡಿ ಹಚ್ಚಿದೆ, ನೀರಿನ ಟ್ಯಾಂಕು ತೊಳೆಸಿರೆಂದು ಸೊಸೈಟಿಯ ಸೆಕ್ರೆಟರಿಗೆ ಮೂರನೆಯ ಸಲ ನೆನಪಿಸಿದೆ. ಆಮೇಲೆ ಕನ್ನಡಕ ಏರಿಸಿ ಫೋನು ನೋಡಿದರೆ, ಪುಣೆಯ ನಮ್ಮ ಹ್ಯಾಮ್ ರೇಡಿಯೊ ಹವ್ಯಾಸಿಗಳ ಗುಂಪಿನಲ್ಲಿ ಯಾರೋ ಹೊಸಬರು ಕೇಳಿದ್ದರು: ಹಳೆಯ ಸೆಟ್ಟು ಕೊಂಡಿದ್ದೇನೆ, ಕೈಯಲ್ಲಿರುವ ಹಣಕ್ಕೆ ಒಂದೇ ಫಿಲ್ಟರು ಬರುತ್ತದೆ, ಯಾವುದು ತೆಗೆದುಕೊಳ್ಳಲಿ? ಕೇಳಿದ್ದು ಒಂದು ಸಾಲು, ಬಂದ ಉಪದೇಶ ಒಂದು ಗಾಡಿ. ಉಪದೇಶ ಮಾಡಿದವರಲ್ಲಿ ಅರ್ಧ ಜನ ತಮ್ಮ ರೇಡಿಯೊಗೆ ಟವೆಲ್ಲು ಹೊದಿಸಿ ವರ್ಷವಾಗಿದೆ. ರೇಡಿಯೊದಲ್ಲಿ ಮಾತಾಡುವುದಕ್ಕಿಂತ ರೇಡಿಯೊದ ಬಗ್ಗೆ ಮಾತಾಡುವುದು ಅವರಿಗೆ ಸಲೀಸು.

ಎಲ್ಲರಿಗಿಂತ ಮೊದಲು ಉತ್ತರಿಸಿದವರು ದೇಸಾಯರು. ನಮ್ಮ ಧಾರವಾಡದ ಕಡೆಯವರೇ, ತಿಳಿದವರು, ತಿಳಿದಿದ್ದೇವೆಂಬುದನ್ನು ಅದಕ್ಕಿಂತ ಚೆನ್ನಾಗಿ ತಿಳಿದವರು. ಎರಡು ವರ್ಷದ ಹಿಂದೆ ನನಗೂ ಅವರದೇ ಉಪದೇಶ ಸಿಕ್ಕಿತ್ತು.

ನಿಮಗೆ ಈ ಹುಚ್ಚು ಇರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ರೇಡಿಯೊ ಒಬ್ಬರ ದನಿ ಹಿಡಿಯುವಾಗ ಅಕ್ಕಪಕ್ಕದವರ ಗದ್ದಲವೂ ಒಳಗೆ ಬರುತ್ತದೆ. ಅದನ್ನು ಸೋಸುವ ಜರಡಿಯೇ ಫಿಲ್ಟರು. ಜರಡಿಯ ಕಣ್ಣು ಅಗಲವಿದ್ದರೆ ನಾಲ್ಕಾರು ಜನರ ದನಿ ಒಟ್ಟಿಗೆ ಕೇಳುತ್ತದೆ, ಸಣ್ಣದಿದ್ದರೆ ನೇರ ಎದುರಿಗಿದ್ದವರೊಬ್ಬರದೇ. ನನ್ನ ಸೆಟ್ಟಿನಲ್ಲಿದ್ದದ್ದು ಅಗಲದ್ದು. ಅದರಲ್ಲೇ ದಿನಾ ಬೆಳಿಗ್ಗೆ ಏಳಕ್ಕೆ ಪುಣೆ ಜಿಲ್ಲೆಯ ದೌಂಡದ ಹಣಮಂತ ಮಾಮಾನ ಜೊತೆ ಮೋರ್ಸ್ ಸಂಕೇತದಲ್ಲಿ ಹರಟುತ್ತಿದ್ದೆ. ಮಾಮಾ ರೈಲ್ವೆಯ ತಂತಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕಿವಿ ಮಂದ, ಫೋನಿನ ಮಾತು ಕೇಳದು, ಹೆಡ್‌ಫೋನಿನೊಳಗಿನ ಕುಂಯ್ ಕುಂಯ್ ಮಾತ್ರ ಕೇಳುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಬಡಿಯುತ್ತಾರೆ. ಅವರ ಸೆಟ್ಟು ಸ್ವಂತ ಕೈಯಿಂದ ಕಟ್ಟಿದ್ದು, ಹೇಳಿದ ಜಾಗದಲ್ಲಿ, ಎಂದರೆ ಗೊತ್ತುಮಾಡಿದ ಫ್ರೀಕ್ವೆನ್ಸಿಯಲ್ಲಿ, ಒಂದು ದಿನವೂ ನಿಂತದ್ದಲ್ಲ. "ಮಾಮಾ, ನಿಮ್ಮ ಸೆಟ್ಟು ದೌಂಡ ಬಿಟ್ಟು ಸೋಲಾಪುರ ಮುಟ್ಟೇದ" ಎಂದು ಒಂದು ದಿನ ಚಾಷ್ಟಿ ಮಾಡಿದೆ.

ಅದೇ ವಾರ ದೇಸಾಯರು ಮನೆಗೆ ಬಂದು ನನ್ನ ಸೆಟ್ಟಿಗೆ ಕಿವಿ ಕೊಟ್ಟರು.

"ಇದೇನ್ರಿ ಅಕ್ಕಾರ, ರೇಡಿಯೊನೋ ಕಾಯಿಪಲ್ಲೆ ಮಂಡೀನೋ? ಸಣ್ಣ ಫಿಲ್ಟರ್ ಇಲ್ದ ಮೋರ್ಸ್ ಕೇಳೋರು ಈಗ ಯಾರೂ ಇಲ್ರಿ."

"ರೊಕ್ಕ ಬೇಕಲ್ರಿ."

"ಒಂದ್ ಸೀರಿ ಕಡಿಮಿ ತಗೋರಿ."

ಎರಡು ತಟ್ಟೆ ಒಗ್ಗರಣೆ ಅವಲಕ್ಕಿ ತಿಂದು ಹೋದರು. ನಾನು ದೀಪಾವಳಿಯ ಸೀರೆ ಬಿಟ್ಟು ಫಿಲ್ಟರು ತರಿಸಿದೆ. ಗದ್ದಲ ಮಾಯ, ದೇವರ ಕೋಣೆಯಂಥ ಶಾಂತಿ. ಸೀರೆಯ ಬೆಲೆಯದೆಂದು ಅದರ ಗುಂಡಿಯನ್ನು ಒಂದು ದಿನವೂ ಬಂದ್ ಮಾಡಲಿಲ್ಲ. ಮಾಮಾನನ್ನು ಮೂರು ದಿನ ಕರೆದೆ, ಉತ್ತರವಿಲ್ಲ. ಚಾಷ್ಟಿಗೆ ಸಿಟ್ಟಾಗಿದ್ದಾರೆ ಎಂದುಕೊಂಡೆ.

"ಒಂದ್ ಪತ್ರಾ ಬರೀಬಾರ್ದೇನು?" ಎಂದರು ನಮ್ಮವರು, ಭೋಸರಿಯ ಕಾರ್ಖಾನೆಗೆ ಹೊರಡುತ್ತ.

"ಸಿಟ್ಟು ಮಾಡ್ಕೊಂಡೋರು ಅವರು. ಅವರ ಬರೀಲಿ."

ಇಷ್ಟು ದೊಡ್ಡ ಮಾತಾಡಿ ನಾನು ಕರೆಯುವುದನ್ನೇ ಬಿಟ್ಟೆ. ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಧೂಳು ಒರೆಸುವಾಗ ಬಟ್ಟೆ ತಾಗಿ ಫಿಲ್ಟರಿನ ಗುಂಡಿ ಬಂದ್ ಆಯಿತು. ಗದ್ದಲ ನುಗ್ಗಿತು. ಅದರ ಒಂದು ಮೂಲೆಯಲ್ಲಿ, ಹೇಳಿದ ಜಾಗದಿಂದ ಎಂದಿನಂತೆ ಸರಿದು, ಮಾಮಾ ನನ್ನನ್ನೇ ಕರೆಯುತ್ತಿದ್ದರು.

ನಾನು ಕರೆದ ಮೂರೂ ದಿನ ಅವರು ಉತ್ತರಿಸಿದ್ದರಂತೆ. ನನಗೆ ಕೇಳುತ್ತಿಲ್ಲವೆಂದು ತಿಳಿದೂ ಆಮೇಲೆ ದಿನಾ ಕರೆದಿದ್ದರು. ನಡುವೆ ಪುಣೆಗೆ ಬಂದು ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಆಸ್ಪತ್ರೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ತಮ್ಮ ಪಕ್ಕದ ಮನೆಯವರೊಬ್ಬರ ಜೊತೆ ಎರಡು ದಿನ ಅಲ್ಲಿದ್ದು, ಅಲ್ಲಿಯ ಗಂಜಿ ಕುಡಿದು ಊರಿಗೆ ಹೋಗಿದ್ದರು.

"ಯಾರ ಕಡಿಂದರೆ ಫೋನ್ ಮಾಡಿಸಬಾರ್ದೇನ್ರಿ ಮಾಮಾ?" ಎಂದು ಬಡಿದೆ.

"ರೇಡಿಯೊದಾಗ ಹೇಳಿದ್ನಲ್ಲವಾ. ತಾರೀಖು, ಆಸ್ಪತ್ರಿ, ಎಲ್ಲಾ ಹೇಳಿದ್ದೆ."

"ನಾ ಸಿಟ್ಟು ಬಂದದ ಅನ್ಕೊಂಡಿದ್ದೆ."

"ಸಿಟ್ಟು ಬಂದಿದ್ರ ದಿನಾ ಯಾಕ ಕರೀತಿದ್ದೆ?"

ಅಂದಿನಿಂದ ಬೆಳಿಗ್ಗೆ ಏಳಕ್ಕೆ ಫಿಲ್ಟರಿನ ಗುಂಡಿ ಬಂದ್ ಮಾಡಿಯೇ ಕೂರುತ್ತೇನೆ.

ಇಂದು ಆ ಹೊಸಬರಿಗೆ ಬರೆದೆ: ಇದ್ದ ಸೆಟ್ಟಿನಲ್ಲೇ ಒಂದು ತಿಂಗಳು ಕೇಳಿರಿ, ನಿಮಗೆ ಬೇಕಾದವರು ಒಂದೇ ಕಡೆ ನಿಲ್ಲುತ್ತಾರೋ ಇಲ್ಲವೋ ನೋಡಿರಿ, ಆಮೇಲೆ ಕೊಳ್ಳಿರಿ. ಕೊಂಡರೂ ಹಗಲೆಲ್ಲ ಹಚ್ಚಿಡಬೇಡಿರಿ. ದೇಸಾಯರು ಕೈಮುಗಿದ ಚಿತ್ರ ಕಳಿಸಿದರು. ಇನ್ನು ಸುಮ್ಮನಿದ್ದರೆ ಒಳ್ಳೆಯದು ಎಂದು ಅದರ ಅರ್ಥ.

"ಏನ್ ಬರದಿ?" ಎಂದರು ಮಾಮಾ, ನಮ್ಮ ಹೊರಕೋಣೆಯ ಮಂಚದಿಂದ. ನಿನ್ನೆ ಅವರ ಇನ್ನೊಂದು ಕಣ್ಣಿನ ಪೊರೆ ತೆಗೆದರು. ಈ ಸಲ ತಾರೀಖು ನನಗೆ ಕೇಳಿತ್ತು, ಅವರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ನಾನೇ ಹೋಗಿದ್ದೆ.

ಕಿವಿಯ ಹತ್ತಿರ ಕೂಗಿ ಹೇಳಿದೆ.

"ದೇಸಾಯೀದು ತಪ್ಪಿಲ್ಲ ಬಿಡು. ಫಿಲ್ಟರ್ ಛಲೋನ ಅದ. ನನ್ನ ಸೆಟ್ಟ ಸುಮಾರ."

ಇದನ್ನು ಗುಂಪಿಗೆ ಹಾಕಲಿಲ್ಲ. ದೇಸಾಯರ ತಲೆ ಈಗ ಉಬ್ಬಿರುವಷ್ಟೇ ಸಾಕು.

ಮಧ್ಯಾಹ್ನ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಮೊಸರು. ಮಾಮಾನಿಗೆಂದು ಮೆತ್ತಗೆ ಹೆಸರುಬೇಳೆಯ ತೊವ್ವೆ ಬೇರೆ ಮಾಡಿದ್ದೆ. ಅವರು ಅದನ್ನು ಬದಿಗೆ ಸರಿಸಿ ಎಣ್ಣೆಗಾಯಿಯನ್ನೇ ಎರಡು ಸಲ ಹಾಕಿಸಿಕೊಂಡರು. ಮೊದಲು ಮಲಗಿದವರೂ ಅವರೇ, ನಮ್ಮವರು ಎರಡನೆಯವರು. ನಾನು ಮಾಮಾನ ಕಣ್ಣಿಗೆ ಹನಿ ಹಾಕುವ ಹೊತ್ತಿಗಾಗಿ ಗಡಿಯಾರ ನೋಡುತ್ತ ಕುಳಿತೆ.