ಒಂದ್ಸಲ ಮನೆ ಕಡೆ ಬನ್ನಿ

ನಮ್ಮಪ್ಪ ಬಡಗಿ. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟವರು. ನಮ್ಮ ಮನೆಯಲ್ಲಿ ಇದ್ದದ್ದು ಮಾತ್ರ ಎರಡೇ ಕುರ್ಚಿ, ಅವೂ ಗಿರಾಕಿಗಳು ಬೇಡವೆಂದು ಬಿಟ್ಟುಹೋದವು. ಒಂದರ ಮುಂಗಾಲು ಗಿಡ್ಡ, ಅದು ಅಪ್ಪನದು. ಇನ್ನೊಂದರ ಮೇಲೆ ಒಗೆದ ಬಟ್ಟೆಯ ಗುಡ್ಡ ಸದಾ ಕೂತಿರುತ್ತಿದ್ದರಿಂದ, ಅದೂ ಕುರ್ಚಿಯೇ ಎಂಬುದು ನನಗೆ ಬುದ್ಧಿ ಬಲಿಯುವವರೆಗೂ ತಿಳಿದಿರಲಿಲ್ಲ.

"ಕುರ್ಚಿ ಇದ್ರೆ ಜನ ಕೂರ್ತಾರೆ," ಅನ್ನುತ್ತಿದ್ದರು ಅಪ್ಪ. "ಕೂತ್ರೆ ಕಾಫಿ ಕೇಳ್ತಾರೆ."

ಹಾಗಂತ ಅಪ್ಪನಿಗೆ ಜನರನ್ನು ಕಂಡರಾಗದು ಅಂದುಕೊಳ್ಳಬೇಡಿ. ಜನ ಅಂದರೆ ಪ್ರಾಣ. ಅಂಗಡಿಯಲ್ಲಿ ಹೊಸ ಕುರ್ಚಿಯೊಂದು ಮುಗಿದರೆ ಸಾಕು, ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ ಹರಟೆ ಶುರುಮಾಡುವರು. ಮಾತು ಮುಗಿಯುವವರೆಗೆ ಆ ಮನುಷ್ಯ ಮಿಸುಕಾಡದಿದ್ದರೆ ಕುರ್ಚಿ ಸರಿಯಾಗಿದೆ ಅಂತ ಲೆಕ್ಕ. ಮಿಸುಕಾಡಿದರೆ ಎಬ್ಬಿಸಿ, ಬೆನ್ನಿನ ಹಲಗೆ ಉಜ್ಜಿ, ಮತ್ತೆ ಕೂರಿಸಿ, ಬಿಟ್ಟಲ್ಲಿಂದ ಮಾತು ಮುಂದುವರಿಸುವರು. ಯಾರ ಮಗಳಿಗೆ ಹೆರಿಗೆ, ಯಾರ ಮೈದುನನಿಗೆ ಮಂಡಿನೋವು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. ಹೊರಟವರಿಗೆ ಕೊನೆಗೊಂದು ಮಾತು: "ಒಂದ್ಸಲ ಮನೆ ಕಡೆ ಬನ್ನಿ." ಯಾವತ್ತು ಅಂತ ಮಾತ್ರ ಅಪ್ಪಿತಪ್ಪಿಯೂ ಬಾಯಿಬಿಡುತ್ತಿರಲಿಲ್ಲ.

ಅಮ್ಮನ ಪಾಡು ಕೇಳಿ. ಇದ್ದ ಮಾತೆಲ್ಲ ಅಂಗಡಿಯಲ್ಲೇ ಖರ್ಚಾಗಿ, ಅಪ್ಪ ಮನೆಗೆ ಬರುವಾಗ "ಊಟ ಹಾಕು" ಅನ್ನುವಷ್ಟು ಉಳಿದಿದ್ದರೆ ಅದೇ ಹೆಚ್ಚು. ಯಾರಾದರೂ ಮನೆಗೆ ಬಂದು, ಕೂತು, ತನ್ನ ಕೈಯ ಕಾಫಿ ಕುಡಿದು, ನಾಲ್ಕು ಮಾತಾಡಿ ಹೋಗಬೇಕು. ಅವಳಿಗಿದ್ದ ಆಸೆ ಇದೊಂದೇ.

"ರೀ, ನಾಲ್ಕು ಕುರ್ಚಿ ಮಾಡ್ಕೊಡಿ."

"ಅದಕ್ಕೇನಂತೆ, ಮಾಡೋಣ."

ಅದಕ್ಕೂ ತಾರೀಖಿಲ್ಲ.

ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮಾಸ್ಟರಿಗೆ ಈ ಒಳಗುಟ್ಟು ತಿಳಿಯದು. ಪಾಪ, ಕರೆದರಲ್ಲ ಅಂತ ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟರು. ಕಿಟಕಿಯಿಂದ ನೋಡಿದ ಅಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಟ್ಟೆಗುಡ್ಡವನ್ನು ಮಂಚದ ಕೆಳಗೆ ತುರುಕಿದಳು, ತಲೆ ಬಾಚಿಕೊಂಡಳು, ಹಾಲು ಒಲೆಗಿಟ್ಟಳು. ಒಳ್ಳೆಯ ಲೋಟ ತೊಳೆಯಲು ನನ್ನನ್ನು ಓಡಿಸಿದಳು.

ಅಪ್ಪ ಅರ್ಧ ಬಾಗಿಲು ತೆಗೆದು, ಚೌಕಟ್ಟಿಗೆ ಅಡ್ಡಲಾಗಿ ಕೈಯಿಟ್ಟು ನಿಂತರು. "ಅಯ್ಯೋ, ಬನ್ನಿ ಬನ್ನಿ!" ಅಂದರೇ ಹೊರತು ಕೈ ತೆಗೆಯಲಿಲ್ಲ. ಅಲ್ಲೇ ಶುರುವಾಯಿತು ಮಾತು. ವರ್ಗಾವಣೆಯ ಕಷ್ಟ, ಬಾಡಿಗೆ ಮನೆಯ ಸೋರುವ ನಲ್ಲಿ, ಆಕೆಯ ತವರಿನವರ ಯೋಗಕ್ಷೇಮ. ನಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಹಾಲು ಕಾಯಿತು, ಆರಿತು, ಕೆನೆಗಟ್ಟಿತು. ಕೊನೆಗೆ ಅಪ್ಪ ಅವರನ್ನು ಗೇಟಿನವರೆಗೂ ಕಳಿಸಲು ಹೋಗಿ, ಬಾಯಿತುಂಬ ಹೇಳಿದರು: "ಹೀಗೆ ನಿಂತ್ಕೊಂಡು ಮಾತಾಡಿದ್ರೆ ಏನು ಚೆಂದ? ಒಂದ್ಸಲ ಮನೆ ಕಡೆ ಬನ್ನಿ."

"ಬರ್ತೀವಿ," ಅಂದರು ಪೋಸ್ಟ್‌ಮಾಸ್ಟರು. ಇಷ್ಟು ಹೊತ್ತು ತಾವು ನಿಂತದ್ದು ಯಾರ ಮನೆಯ ಮುಂದೆ ಅಂತ ಅವರಿಗೇ ಅನುಮಾನ ಬಂದಿರಬೇಕು.

ಅಮ್ಮ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮಂಚದಡಿಯ ಬಟ್ಟೆಯನ್ನೆಲ್ಲ ತೆಗೆದು ಮತ್ತೆ ಕುರ್ಚಿಯ ಮೇಲೆ ಹೇರಿದಳು. ಆಮೇಲೆ ಎಂದೂ ನಾಲ್ಕು ಕುರ್ಚಿಯ ಸುದ್ದಿ ಎತ್ತಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು. ಇವತ್ತು ನೆನೆದರೂ ಉರಿಯುತ್ತದೆ.

ಅಪ್ಪ ಹೋದದ್ದು ಅಂಗಡಿಯಲ್ಲೇ, ಯಾರನ್ನೋ ಹೊಸ ಕುರ್ಚಿಯಲ್ಲಿ ಕೂರಿಸಿಕೊಂಡು ಮಾತಾಡುತ್ತಾ. ಮಾತಿನ ನಡುವೆ ಸುಮ್ಮನಾದರಂತೆ. ಈ ಮನುಷ್ಯ ಸುಮ್ಮನಾಗುವುದುಂಟೇ ಅಂತ ಗಿರಾಕಿ ಗಾಬರಿಯಿಂದ ಎದ್ದು ನೋಡಿದನಂತೆ.

ಅವತ್ತು ಊರಿಗೂರೇ ನಮ್ಮ ಮನೆಗೆ ಬಂತು. ಎಲ್ಲರದೂ ಒಂದೇ ಮಾತು: "ಎಷ್ಟು ಸಲ ಕರೆದಿದ್ರು, ಬರೋಕೇ ಆಗ್ಲಿಲ್ಲ." ಸಾವಿನ ಮನೆಯಲ್ಲಿ ಕಾಫಿ ಕೇಳುವವರು ಯಾರು? ಒಂದು ಲೋಟದ ಖರ್ಚೂ ಇಲ್ಲದೆ ಎಲ್ಲರನ್ನೂ ಕರೆಸಿಕೊಂಡರಲ್ಲ ಪುಣ್ಯಾತ್ಮ ಅಂತ ಅಳುವಿನ ನಡುವೆಯೇ ನನಗೆ ನಗು ಬಂತು.

ಪೋಸ್ಟ್‌ಮಾಸ್ಟರೂ ಅವರ ಹೆಂಡತಿಯೂ ಬಂದರು. ಬಂದು, ಹಳೆಯ ನೆನಪಿಗೋ ಏನೋ, ಹೊಸಿಲಿನಾಚೆಯೇ ನಿಂತರು. ಅಮ್ಮ ಎದ್ದು ಅವರ ಬಳಿಗೆ ಹೋದಳು. ಆಕೆ ಏನೋ ಸಮಾಧಾನ ಹೇಳಲು ಹೊರಟರೆ ಅಮ್ಮ ಕೈ ಹಿಡಿದು ನಿಲ್ಲಿಸಿದಳು.

"ಬರೋ ಮಂಗಳವಾರ ಬನ್ನಿ," ಅಂದಳು. "ಸಂಜೆ ಐದು ಗಂಟೆಗೆ. ಇಬ್ರೂ ಬರ್ಬೇಕು."

ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. ದುಃಖಕ್ಕೆ ಅಮ್ಮನ ತಲೆ ಕೆಟ್ಟಿದೆ ಅಂದುಕೊಂಡರೋ ಏನೋ.

ಮಂಗಳವಾರ ಅವರು ಬಂದಾಗ ಬಾಗಿಲು ಪೂರ್ತಿ ತೆರೆದಿತ್ತು. ಬಟ್ಟೆಯ ಕುರ್ಚಿ ಖಾಲಿಯಾಗಿತ್ತು, ಅದು ಆಕೆಗೆ. ಅಪ್ಪನ ಕುರ್ಚಿಯನ್ನು ಅಮ್ಮ ಪೋಸ್ಟ್‌ಮಾಸ್ಟರ ಮುಂದಕ್ಕೆ ಎಳೆದಳು.

"ಇದು ಅವರದು. ಒಂದು ಕಾಲು ಗಿಡ್ಡ, ಸ್ವಲ್ಪ ಅಲ್ಲಾಡುತ್ತೆ. ಹೆದರ್ಕೋಬೇಡಿ, ಕೂತ್ಕೊಳ್ಳಿ."

ಅವರು ಕೂತರು. ಅಮ್ಮ ಕಾಫಿ ತಂದುಕೊಟ್ಟು, ನೆಲದ ಮೇಲೆ ಕೂತು, ಮಾತು ಶುರುಮಾಡಿದಳು. ಬೇರೆ ಯಾರ ಸುದ್ದಿಯೂ ಅಲ್ಲ, ಅಪ್ಪನದೇ. ಅವರನ್ನು ಬೈದಳು, ಅತ್ತಳು, ನಕ್ಕಳು, ಮತ್ತೆ ಬೈದಳು. ಅಷ್ಟು ಹೊತ್ತೂ ಪೋಸ್ಟ್‌ಮಾಸ್ಟರು ಒಂದಿಷ್ಟೂ ಮಿಸುಕಾಡಲಿಲ್ಲ.