ನನ್ನ ಹೊಟ್ಟೆ ಕೊಯ್ಯಿಸಲು ನಿಂತ ಅತ್ತೆ

ನಮ್ಮ ಅತ್ತೆಯ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ತನ್ನ ಪಾಡಿಗೆ ತಾನು ನಿಂತಿತ್ತು. ಉಗುರು ದಪ್ಪ, ಹಳದಿ. ಆ ಹೆಬ್ಬೆರಳಿನಿಂದಲೇ ಅವರು ನನಗೆ ನೆಲ ತೋರಿಸುತ್ತಿದ್ದರು. ಗಂಡಸರು ಉಂಡೆದ್ದ ಜಾಗವನ್ನು ನಾನು ಬಗ್ಗಿ ಒದ್ದೆ ಬಟ್ಟೆಯಿಂದ ಬಳಿಯುತ್ತಿದ್ದರೆ, ಪಕ್ಕದಲ್ಲಿ ನಿಂತು, ಬಿಟ್ಟುಹೋದ ಅಗುಳಿನ ಹತ್ತಿರ ಅದನ್ನು ಊರಿ ‘ಇಲ್ಲಿ’ ಎನ್ನುತ್ತಿದ್ದರು. ಆಮೇಲೆ ಇನ್ನೊಂದು ಕಡೆ ಊರಿ ‘ಇಲ್ಲೂ’. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಅನ್ನುವವರು ಅವರ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು.

ನಾನು ತುಮಕೂರಿನವಳು. ಅಪ್ಪ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಬೆಳಗಿನ ಶಿಫ್ಟಿಗೆ ಹೋಗುತ್ತಿದ್ದರು. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಊಟ. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದೆವು. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಗುಬ್ಬಿಗೆ ಬಂದೆ. ಮಾವನವರಿಗೆ ತೆಂಗಿನಕಾಯಿ ವ್ಯಾಪಾರ. ಅವರೂ ನನ್ನ ಗಂಡನೂ ಅಂಗಡಿ ಬಾಗಿಲು ಹಾಕಿ, ಮನೆಗೆ ಬಂದು, ಕೈಕಾಲು ತೊಳೆದು, ಪೂಜೆ ಮುಗಿಸಿ ತಟ್ಟೆಯ ಮುಂದೆ ಕೂರುವಾಗ ಊರು ಅರ್ಧ ಮಲಗಿರುತ್ತಿತ್ತು. ಅವರು ಉಂಡ ಮೇಲೆ ಅತ್ತೆ. ಅತ್ತೆ ಉಂಡ ಮೇಲೆ ನಾನು. ಉಂಡ ಕೈ ಆರುವ ಮುಂಚೆ ಬಗ್ಗಿ ನೆಲ ಬಳಿದು, ಪಾತ್ರೆ ತಿಕ್ಕಿ, ಹಾಗೇ ಹೋಗಿ ಮಲಗಬೇಕು.

ಇದಕ್ಕೆ ಅತ್ತೆ ಪದ್ಧತಿ ಎಂದು ಹೆಸರಿಟ್ಟಿದ್ದರು. ತವರಿನಿಂದ ಒಂದು ಸಲ ಕೋಲಿಗೆ ಕಟ್ಟಿದ ನೆಲ ಒರೆಸುವ ಬಟ್ಟೆ ತಂದಿದ್ದೆ. ಅದನ್ನು ಬಚ್ಚಲಿಗೆ ಕಳಿಸಿದರು. ಉಂಡ ಜಾಗಕ್ಕೆ ಬಗ್ಗದವಳು ನಾಳೆ ದೇವರಿಗಾದರೂ ಬಗ್ಗುತ್ತಾಳಾ ಎಂದು ಮಾವನವರಿಗೆ ಕೇಳುವಂತೆ ಹೇಳಿದರು. ನಾನು ಏನೇ ಹೇಳಲಿ, ಅವರ ಬಳಿ ಒಂದೇ ಉತ್ತರ: ‘ನಾನು ಮಾಡ್ಲಿಲ್ವಾ?’ ಮಾಡಿದ್ದರು, ನಿಜ. ತಮ್ಮ ಅತ್ತೆಯ ಕಾಲದಲ್ಲಿ ವರ್ಷಗಟ್ಟಲೆ ಮಾಡಿದ್ದರು. ತಾವು ಪಟ್ಟದ್ದನ್ನು ಇನ್ನೊಬ್ಬಳೂ ಪಡದೆ ಹೋದರೆ ಅದು ಅವರಿಗೆ ನಷ್ಟ.

ಎರಡನೇ ಮಗುವಾದ ಮೇಲೆ ನನಗೆ ಎದೆ ಉರಿ ಶುರುವಾಯಿತು. ಬಗ್ಗಿದರೆ ಹುಳಿನೀರು ಗಂಟಲಿಗೆ ಬರುವುದು, ಮಲಗಿದರೆ ಕೆಮ್ಮು. ಗ್ಯಾಸ್ಟ್ರಿಕ್ಕು, ಯಾರಿಗಿಲ್ಲ ಎಂದರು ಅತ್ತೆ. ಓಮಿನಕಾಳು, ಉಪ್ಪು ಕೊಟ್ಟರು. ಅದನ್ನು ಅಗಿದು ಅಗಿದು ನನ್ನ ನಾಲಿಗೆ ಸತ್ತುಹೋಯಿತು. ಒಂದು ದಿನ ನೆಲ ಬಳಿಯುತ್ತಿದ್ದಾಗ ಉಂಡದ್ದೆಲ್ಲ ಬಾಯಿಗೆ ಬಂದು, ಬಳಿದ ನೆಲದ ಮೇಲೆಯೇ ಬಿತ್ತು. ಅತ್ತೆ ನೋಡಿದರು. ‘ಇನ್ನೊಂದ್ಸಲ ಬಳಿ’ ಎಂದು ಒಳಗೆ ಹೋದರು. ನನ್ನ ಗಂಡನಿಗೆ ಅವತ್ತು ಭಯವಾಯಿತು. ಮಾರನೇ ವಾರ ತುಮಕೂರಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಸೊಸೆ ಡಾಕ್ಟರ ಹತ್ತಿರ ಏನು ಚಾಡಿ ಹೇಳುತ್ತಾಳೋ ಎಂದು ಅತ್ತೆಯೂ ಬಸ್ಸು ಹತ್ತಿದರು.

ಬಾಯಿಂದ ಟ್ಯೂಬು ಬಿಟ್ಟು ನೋಡಿದ ಡಾಕ್ಟರು ನನಗಿರುವುದು ಹಯೇಟಸ್ ಹರ್ನಿಯಾ ಎಂದರು. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆಯಂತೆ, ಅನ್ನನಾಳ ಇಳಿಯಲು ಅದರಲ್ಲೊಂದು ಕಂಡಿ. ನನಗೆ ಆ ಕಂಡಿ ಸಡಿಲವಾಗಿ, ಹೊಟ್ಟೆಯ ಮೇಲ್ಭಾಗ ಎದೆಯೊಳಕ್ಕೆ ನುಗ್ಗಿತ್ತು. ದಾರಿ ಎರಡು ಎಂದರು. ಮೊದಲನೆಯದು, ಮಾತ್ರೆ ತಗೊಂಡು ಆರು ತಿಂಗಳು ರೂಢಿ ಬದಲಿಸಿ ನೋಡುವುದು. ಸಂಜೆ ಬೇಗ ಸ್ವಲ್ಪ ಉಣ್ಣಬೇಕು, ಉಂಡ ಮೇಲೆ ಬಗ್ಗಬಾರದು, ತಕ್ಷಣ ಮಲಗಬಾರದು, ಲಂಗದ ಲಾಡಿ ಬಿಗಿಯಬಾರದು, ಮಂಚದ ತಲೆಭಾಗಕ್ಕೆ ಇಟ್ಟಿಗೆ ಕೊಡಬೇಕು. ಅದರಲ್ಲಿ ವಾಸಿಯಾಗದಿದ್ದರೆ ಎರಡನೆಯದು, ಆಪರೇಷನ್. ಎದೆಯ ಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಗಾಳಿಯಲ್ಲಿ ಬೆರಳು ಎಳೆದು ತೋರಿಸಿದರು. ಸಣ್ಣ ತೂತು ಮಾಡಿ ಮುಗಿಸುವ ಆಪರೇಷನ್ ಆಗ ನಮ್ಮ ಕಡೆ ಬಂದಿರಲಿಲ್ಲ.

ಡಾಕ್ಟರು ನನ್ನನ್ನು ಕೇಳುವ ಮುಂಚೆಯೇ ಅತ್ತೆ ಬಾಯಿ ಹಾಕಿದರು. ‘ಕೊಯ್ದುಬುಡಿ ಡಾಕ್ಟ್ರೆ. ಒಂದೇ ಸಲಕ್ಕೆ ಮುಗ್ದೋಗ್ಲಿ.’

ಸೊಸೆ ನರಳುವುದನ್ನು ನೋಡಲಾರದೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ ಆ ಪುಣ್ಯಾತ್ಮರು, ಇಂಥ ಅತ್ತೆ ಸಿಗೋಕೆ ಅದೃಷ್ಟ ಮಾಡಿರಬೇಕು ಎಂದು ನನಗೆ ಹೇಳಿದರು. ನನಗೆ ನಗು ಬಂತು, ನಗುವಿನ ಜೊತೆ ಹುಳಿನೀರೂ ಬಂತು. ಆಪರೇಷನ್ ಆದರೂ ಊಟದ ಹೊತ್ತು ಬದಲಾಗಲೇಬೇಕು, ಇಲ್ಲದಿದ್ದರೆ ಹೊಲಿಗೆ ಮತ್ತೆ ಸಡಿಲವಾದೀತು ಎಂದೂ ಅವರು ಹೇಳಿದರು. ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟುತ್ತಿದ್ದರು.

ಬಸ್ಸಿನಲ್ಲಿ ಕೂತಾಗ ನನಗೆ ಅರ್ಥವಾಯಿತು. ಗಂಡಸರಿಗಿಂತ ಮೊದಲು ಸೊಸೆ ಉಣ್ಣುವುದನ್ನು ನೋಡುವುದಕ್ಕಿಂತ ಸೊಸೆಯ ಹೊಟ್ಟೆ ಕೊಯ್ಯಿಸುವುದು ಈ ಹೆಂಗಸಿಗೆ ಸುಲಭ. ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದು ದಿನವನ್ನೂ ಅವರೇ ಗೊತ್ತುಮಾಡಿದರು. ಹಬ್ಬದ ಕೆಲಸಕ್ಕೆ ನಾನು ಬೇಕಲ್ಲ. ಹರ್ನಿಯಾ ಎಂದರೆ ಗಂಡಸರಿಗೆ ಬರುವ ಕಾಯಿಲೆ, ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಅಕ್ಕಪಕ್ಕದವರಿಗೆಲ್ಲ ಅಪೆಂಡಿಕ್ಸು ಎಂದು ಹೇಳಿ ಬಂದರು. ಮಾವನವರು ಎಂದಿನಂತೆ ಅಂಗಡಿಗೆ ಹೊರಟರು. ಗಂಡನನ್ನು ಕೇಳಿದರೆ, ಅಮ್ಮ ಹೇಳುವುದರಲ್ಲೂ ಅರ್ಥ ಇದೆ ಎಂದರು. ಈ ಮನುಷ್ಯನಿಗೆ ಅಮ್ಮ ಹೇಳಿದ್ದರಲ್ಲೆಲ್ಲ ಅರ್ಥ ಸಿಗುತ್ತಿತ್ತು.

ನಾನು ದಿನಾ ಅದನ್ನೇ ಯೋಚಿಸುತ್ತಿದ್ದೆ. ಚಿಕ್ಕ ಮಗು ಇನ್ನೂ ಮಡಿಲಲ್ಲಿತ್ತು. ಮೇಜಿನ ಮೇಲೆ ಏನಾದರೂ ಆದರೆ? ಏನೂ ಆಗದೆ ಚೆನ್ನಾಗಿಯೇ ವಾಸಿಯಾದರೂ ಬರುವುದು ಇದೇ ಮನೆಗೆ, ಇದೇ ನೆಲಕ್ಕೆ. ಮತ್ತೆ ಬಗ್ಗಲೆಂದು ಹೊಲಿಗೆ ಹಾಕಿಸಿಕೊಂಡು ಬರಬೇಕಾ? ಭಯ ಹೋಗಿ ನನಗೆ ಮೈಯೆಲ್ಲ ಸಿಟ್ಟು ಹತ್ತಿತು.

ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಒಂದು ಸಂಜೆ ದೇವರಿಗೆ ದೀಪ ಹಚ್ಚಿ, ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತೆ. ಅರ್ಧ ಮುದ್ದೆ, ಸೊಪ್ಪಿನ ಸಾರು. ಎರಡನೇ ತುತ್ತಿಗೆ ಅತ್ತೆ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಲಿಲ್ಲ.

‘ಗಂಡುಸ್ರು ಇನ್ನೂ ಬಂದಿಲ್ಲ,’ ಎಂದರು.

‘ಗೊತ್ತು ಅತ್ತೆ. ಆಪರೇಷನ್ ಬೇಡ. ಆರು ತಿಂಗ್ಳು ಹಿಂಗೇ ಇದ್ದು ನೋಡ್ತೀನಿ.’

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ‘ಹೊಟ್ಟೆ ಕೊಯ್ಸ್ಕೊಂಡೋರು ಬದುಕ್ತಾರೆ ಕಣೇ. ಗಂಡುಸ್ರಿಗಿಂತ ಮುಂಚೆ ಉಂಡೋಳ್ ಮನೆ ಉದ್ಧಾರ ಆಗಕಿಲ್ಲ.’

ನಾನು ಮೂರನೇ ತುತ್ತು ನುಂಗಿದೆ.

ಮಾರನೇ ದಿನದಿಂದ ನಾನು ಮುಟ್ಟಿದ ಪಾತ್ರೆಯದು ಎಂಜಲು ಎಂದು, ಗಂಡಸರಿಗೆ ಅವರೇ ಬೇರೆ ಅಡುಗೆ ಮಾಡಿದರು. ಎರಡು ಮುದ್ದೆ ಪಾತ್ರೆ, ಎರಡು ಸಾರು. ನೆಲವನ್ನೂ ತಾವೇ ಬಳಿದರು, ಬೀದಿಗೆ ಕೇಳುವಂತೆ ‘ಶಿವನೇ’ ಎನ್ನುತ್ತಾ. ನಾನು ಹೋಗಿ ಬಟ್ಟೆ ಕಸಿದುಕೊಳ್ಳುತ್ತೇನೆ ಎಂದು ಕಾದರು, ನಾನು ಹೋಗಲಿಲ್ಲ. ಬೆಳಿಗ್ಗೆ ಹೊತ್ತು ಹೊಟ್ಟೆ ಖಾಲಿಯಿದ್ದಾಗ ಎಷ್ಟು ಬೇಕಾದರೂ ಬಗ್ಗುತ್ತಿದ್ದೆ, ಸಂಜೆ ಉಂಡ ಮೇಲೆ ನೆಟ್ಟಗೆ ಕೂರುತ್ತಿದ್ದೆ. ಮನೆಗೆ ಬಂದವರಿಗೆಲ್ಲ ಅತ್ತೆ ನನ್ನನ್ನು ತೋರಿಸಿ ‘ನೋಡ್ರವ್ವಾ, ನಮ್ಮನೆ ಮಾರಾಣಿ’ ಎನ್ನುತ್ತಿದ್ದರು. ಇಟ್ಟಿಗೆ ಕೊಟ್ಟ ಮಂಚದಲ್ಲಿ ಜಾರಿ ಜಾರಿ ಸಾಕಾದ ಗಂಡ, ಚಾಪೆ ತೆಗೆದುಕೊಂಡು ಹಜಾರಕ್ಕೆ ಹೋದರು. ಅದರಿಂದ ನನಗೇನೂ ಕೊರತೆಯಾಗಲಿಲ್ಲ.

ನಿಧಾನವಾಗಿ ಉರಿ ಕಮ್ಮಿಯಾಯಿತು, ಕೆಮ್ಮು ನಿಂತಿತು. ಪೂರ್ತಿ ಹೋಯಿತು ಎನ್ನಲಾರೆ. ಆದರೆ ಆಪರೇಷನ್ ಬೇಕಿಲ್ಲ, ಹೀಗೇ ಮುಂದುವರಿಸಿ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ನಾನು ಅದನ್ನು ಹೇಳಿದಾಗ ಅಕ್ಕಿ ಆರಿಸುತ್ತಿದ್ದ ಅತ್ತೆ, ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

ಅವರ ಬಗ್ಗೆ ಜನ ಒಂದು ಕತೆ ಹೇಳುತ್ತಾರೆ, ನಾನೂ ಅಲ್ಲೇ ಇದ್ದೆ. ಕುಣಿಗಲ್ಲಿನ ಛತ್ರದಲ್ಲಿ ನೆಂಟರ ಮದುವೆ. ವರಪೂಜೆಯ ಸಂಜೆ, ಬೀಗರ ಪಂಕ್ತಿಗೆ ಮುಂಚೆಯೇ ನಾನು ಅಡುಗೆಯವರನ್ನು ಕೇಳಿ ತಟ್ಟೆ ಹಾಕಿಸಿಕೊಂಡೆ. ಮಾವನವರ ತಂಗಿ ಹತ್ತು ಜನರ ಮುಂದೆ, ಇವಳಿಗೆ ಹೊಟ್ಟೆ ಹೊತ್ಕೊಂಡು ಉರೀತದೆ ಎಂದರು. ಅತ್ತೆ ಎದ್ದು ಬಂದರು. ‘ಅವ್ಳು ನನ್ ಸೊಸೆ. ಬೈಯಕೆ ನಾನಿದೀನಿ. ನೀನು ನಿನ್ ಸೊಸೇನ ಬೈಕೋ ಹೋಗು.’ ಎಂಥ ಪ್ರೀತಿ ಎಂದು ಎಲ್ಲರೂ ಕೊಂಡಾಡಿದರು. ಪ್ರೀತಿಯಂತೆ! ನನ್ನನ್ನು ಬೈಯುವ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ, ಅಷ್ಟೆ. ಮಾರನೇ ದಿನ ಕುಣಿಗಲ್ಲಿನಿಂದ ತುಮಕೂರಿನವರೆಗೆ ಬಸ್ಸಿನಲ್ಲಿ ಆ ಹಕ್ಕನ್ನು ಕಂಡಕ್ಟರಿಗೂ ಕೇಳುವಂತೆ ಚಲಾಯಿಸಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಹಜಾರದ ಗೋಡೆಗೆ ಒರಗಿಸಿ ಕೂರಿಸಿದರು. ನಾದಿನಿ ದೂರದಿಂದ ಬರಬೇಕಿದ್ದರಿಂದ ಮಣ್ಣು ಮಾಡುವುದು ಮಾರನೇ ದಿನಕ್ಕೆ ಹೋಯಿತು. ಅಲ್ಲಿಯವರೆಗೆ ಮನೆಯವರು ಯಾರೂ ಉಣ್ಣುವಂತಿಲ್ಲ. ಬಂದವರಿಗಾಗಿ ಎದುರುಮನೆಯವರು ಉಪ್ಪಿಟ್ಟು ಮಾಡಿ ಕಳಿಸಿದ್ದರು.

ಸಂಜೆಯಾಯಿತು, ಯಾರೋ ದೀಪ ಹಚ್ಚಿದರು. ಒಂದು ದಿನ ಊಟ ಬಿಟ್ಟಿದ್ದರೆ ನನ್ನ ಪ್ರಾಣವೇನೂ ಹೋಗುತ್ತಿರಲಿಲ್ಲ. ಆದರೆ ನಾನು ಬಿಡಲಿಲ್ಲ. ತಟ್ಟೆಗೆ ಉಪ್ಪಿಟ್ಟು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ, ಅತ್ತೆಗೆ ಎದುರಾಗಿ ಕೂತೆ. ಹೆಂಗಸರು ಗುಸುಗುಸು ಎಂದರು. ಗಂಡಸರು ಯಾರೂ ಇನ್ನೂ ಉಂಡಿರಲಿಲ್ಲ. ನನ್ನ ಜನ್ಮ ಜಾಲಾಡಲು ಅತ್ತೆಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವರ ಮುಖವನ್ನೇ ನೋಡುತ್ತಾ ನಿಧಾನವಾಗಿ ಉಂಡೆ. ತಟ್ಟೆ ಖಾಲಿಯಾದ ಮೇಲೂ, ಅತ್ತೆ ಏನಾದರೂ ಅಂದಾರು ಎಂದು ಸ್ವಲ್ಪ ಹೊತ್ತು ಅಲ್ಲೇ ಕಾದೆ.