ಮೊಟ್ಟೆಗುಳಿಯ ನಿಂಬೆಹಣ್ಣು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆ ಕೂರಿಸಲೆಂದು ಕಂಪನಿಯವರು ಬಹಳ ಮುತುವರ್ಜಿಯಿಂದ ಮಾಡಿಕೊಟ್ಟ ಗುಳಿಗಳಿವೆ. ನಮ್ಮದೋ ಮೊಟ್ಟೆ ಹೊಸ್ತಿಲು ದಾಟದ ಮನೆ. ಹಾಗಂತ ದುಡ್ಡು ಕೊಟ್ಟ ಗುಳಿಗಳನ್ನು ಖಾಲಿ ಬಿಡಲಾದೀತೇ? ಕುಣಿಗಲ್ಲಿನಲ್ಲಿರುವ ನನ್ನ ತವರಿನ ಹಿತ್ತಿಲ ನಿಂಬೆಗಿಡದ ಹಣ್ಣುಗಳು ಅಮ್ಮನ ಕೈಚೀಲದಲ್ಲಿ ಬಸ್ಸು ಹತ್ತಿ, ಬಟವಾಡಿಯ ನಮ್ಮ ಬಾಡಿಗೆ ಮನೆಗೆ ಬಂದು, ಆ ಗುಳಿಗಳಲ್ಲಿ ಕಾವಿಗಿಟ್ಟ ಮೊಟ್ಟೆಗಳ ಗಾಂಭೀರ್ಯದಿಂದ ಕೂರುತ್ತವೆ. ಒಂದೇ ಗಿಡದ ಮಕ್ಕಳಾದರೂ ಅವುಗಳಲ್ಲಿ ಮೇಲುಕೀಳು ಉಂಟು. ಉಳಿದವೆಲ್ಲ ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ. ತುದಿಯ ಗುಳಿಯಲ್ಲಿರುವ, ಒಂದು ಕಲೆಯೂ ಇಲ್ಲದ ದುಂಡನೆಯ ಹಣ್ಣು ಮಾತ್ರ ನನಗೆ ಮೀಸಲು. ತಿನ್ನಲಿಕ್ಕಲ್ಲ, ನನ್ನ ತಲೆಯ ಸುತ್ತ ನಿವಾಳಿಸಲಿಕ್ಕೆ.

ತಿಂಗಳಿಗೊಮ್ಮೆ ನನ್ನ ಮೇಲೆ ಯಾರದೋ ಕೆಟ್ಟ ಕಣ್ಣು ಬೀಳುತ್ತದೆಂಬುದು ನಮ್ಮ ಅತ್ತೆಯವರ ಅಚಲ ಸಿದ್ಧಾಂತವಾಗಿತ್ತು. ಲಕ್ಷಣಗಳೂ ಹಾಗೇ ಇದ್ದವೆನ್ನಿ. ಬಳೆ ಕೈಯಲ್ಲಿ ಬಿಗಿಯುವುದು, ಹೊಲಿಸಿದ ರವಿಕೆಯೇ ಶತ್ರುವಾಗುವುದು, ಎದೆ ಮುಟ್ಟಿದರೆ ನೋವು, ಸೊಂಟಕ್ಕೆ ಯಾರೋ ರಾಗಿಮೂಟೆ ಕಟ್ಟಿದಂಥ ಭಾರ. ಇದು ದೇಹದ ಕಥೆ. ಮನಸ್ಸಿನದು ಬೇರೆಯೇ ಪುರಾಣ. ಟೀವಿಯಲ್ಲಿ ಬಟ್ಟೆಸೋಪಿನ ಜಾಹೀರಾತು ನೋಡಿ ಗಳಗಳನೆ ಅಳುತ್ತಿದ್ದೆ. ಆ ಕಣ್ಣೀರು ಆರುವ ಮೊದಲೇ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ ಯಜಮಾನರನ್ನು ಹಿಡಿದು ಅವರ ವಂಶದ ಮೂಲಪುರುಷನವರೆಗೂ ವಿಚಾರಣೆ ನಡೆಸುತ್ತಿದ್ದೆ. ಅವರಾದರೋ ಶಾಲೆಯಲ್ಲಿ ಗಣಿತ ಹೇಳಿಕೊಡುವ ಸಾಧುಪ್ರಾಣಿ. ಒಮ್ಮೆ ಧೈರ್ಯ ಮಾಡಿ, “ಈಗೇನಾಯ್ತು ಅಂತ ಇಷ್ಟು ಕೂಗಾಡ್ತಿದೀಯ?” ಎಂದು ಕೇಳಿದರು.

“ಏನೂ ಆಗಿಲ್ಲ, ಅದಕ್ಕೇ ಕೂಗ್ತಿರೋದು!” ಎಂದೆ.

ಈ ಲೆಕ್ಕ ಬಿಡಿಸುವಂಥದ್ದಲ್ಲವೆಂದು ಅವರಿಗೆ ತಿಳಿಯಿತು. ಹಾಲು ತರುತ್ತೇನೆಂದು ಹೊರಟರು. ಮನೆಯಲ್ಲಿ ಹಾಲಿತ್ತು.

ಆಗ ಅತ್ತೆ ಏಳುತ್ತಿದ್ದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೇ ಮನೆಯೆಲ್ಲ ಸ್ತಬ್ಧ. ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, “ಬೀದಿ ಕಣ್ಣು, ಬಸ್ಸಿನ ಕಣ್ಣು, ನೆಂಟರ ಕಣ್ಣು, ನಂಟಿಲ್ಲದೋರ ಕಣ್ಣು, ಎಲ್ಲಾ ಸುಟ್ಟೋಗ್ಲಿ” ಎಂದು ನಿವಾಳಿಸಿ, ಹಣ್ಣನ್ನು ಕಾಲಡಿಗಿಟ್ಟು, “ಎಡಗಾಲಲ್ಲಿ ತುಳಿಯಮ್ಮ” ಎನ್ನುತ್ತಿದ್ದರು. ತುಳಿಯುತ್ತಿದ್ದೆ. ಆ ದಿನಗಳಲ್ಲಿ ತುಳಿಯಲು ಏನಾದರೂ ಸಿಕ್ಕರೆ ಅದೇ ಒಂದು ಪರಮಸುಖ. ಮರುದಿನವೋ ಅದರ ಮರುದಿನವೋ ನಾನು ಮುಟ್ಟಾಗುತ್ತಿದ್ದೆ. ತಲೆಯ ಮೇಲಿನ ಮೋಡ ಸರಿದು, ಯಜಮಾನರ ವಂಶದ ಮೇಲಿನ ಮೊಕದ್ದಮೆಗಳೆಲ್ಲ ವಜಾ ಆಗುತ್ತಿದ್ದವು. “ನೋಡ್ದಾ, ಹೆಂಗೆ ಇಳೀತು!” ಎಂದು ಅತ್ತೆ ಬೀಗುತ್ತಿದ್ದರು. ಒಂದು ತಿಂಗಳೂ ತಪ್ಪದೆ ಫಲ ಕೊಡುವ ಔಷಧಿಯನ್ನು ಯಾರು ತಾನೆ ಅನುಮಾನಿಸುತ್ತಾರೆ? ನಾನೂ ಅನುಮಾನಿಸಲಿಲ್ಲ.

ದೇವರ ಮೇಲೆ ನನಗೆ ದೂರಿಲ್ಲ, ಒಂದು ಸಣ್ಣ ತಕರಾರಿದೆ. ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಮನೆದೇವರು ಚೌಡಮ್ಮ ತಾಯಿ ಕಣ್ಣು ಕೆಂಪಗೆ ಮಾಡಿ ನಾಲಗೆ ಚಾಚಿ ನಿಂತರೆ ಜನ ಹಾರಗಟ್ಟಲೆ ನಿಂಬೆಹಣ್ಣು ಕೊರಳಿಗೆ ಹಾಕಿ, ಶಾಂತಳಾಗು ತಾಯೇ ಎಂದು ಅಡ್ಡ ಬೀಳುತ್ತಾರೆ. ನಾನು ದನಿ ಏರಿಸಿದರೆ ಸಿಗುವುದು ಒಂದೇ ಹಣ್ಣು, ಅದೂ ಕಾಲಡಿಗೆ. ಇರಲಿ; ಬಾಡಿಗೆ ಮನೆಯ ಹೆಂಗಸಿಗೆ ಅಷ್ಟಾದರೂ ಸಂದಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಜೀವನಪೂರ್ತಿ ತುಳಿದುಕೊಂಡೇ ಇರುತ್ತಿದ್ದೆನೇನೋ. ಆದರೆ ಕಣ್ಣು ಬಿದ್ದಿದೆ ಎಂದ ಮೇಲೆ ಅದು ಯಾರದಾದರೂ ಆಗಿರಬೇಕಲ್ಲ! ನನಗೆ ತಲೆ ಕೆಡುವುದು ತಿಂಗಳಿಗೊಮ್ಮೆ ದೇವಸ್ಥಾನಕ್ಕೆಂದು ಗುಬ್ಬಿಗೆ ಹೋಗಿ ಬಂದಾಗಲೇ ಎಂಬುದನ್ನು ಅತ್ತೆ ಪತ್ತೆ ಮಾಡಿದರು. ಗುಬ್ಬಿಯಲ್ಲಿರುವವಳು ರತ್ನಕ್ಕ, ನನ್ನ ವಾರಗಿತ್ತಿ, ಅತ್ತೆಯ ಹಿರಿಸೊಸೆ. ಮದುವೆಯ ಹೊಸದರಲ್ಲಿ ನನಗೆ ಮುದ್ದೆ ತಿರುವಲು ಕಲಿಸಿ, ನಾನು ಗಂಟುಕಟ್ಟಿಸಿದ ಮುದ್ದೆಗಳನ್ನೆಲ್ಲ ಯಾರೂ ಕಾಣುವ ಮೊದಲೇ ತನ್ನ ತಟ್ಟೆಗೆ ಹಾಕಿಕೊಂಡು ನುಂಗಿದ ಪುಣ್ಯಾತ್ಮಳು. ಹೋದ ಸಲ ದೇವಸ್ಥಾನದಿಂದ ಅವಳ ಮನೆಗೆ ಹೋದಾಗ ಬಾಗಿಲಲ್ಲೇ, “ಏನೇ ಸುಧಾ, ಮುಖ ತುಂಬ್ಕೊಂಡು ಹಂಗೇ ಹೊಳೀತಾ ಇದೀಯ!” ಎಂದಿದ್ದಳು. ವಾಪಸು ಬರುವ ದಾರಿಯಲ್ಲಿ, ಯಜಮಾನರು ಶಿಳ್ಳೆ ಹಾಕಿದರೆಂಬ ಒಂದೇ ಕಾರಣಕ್ಕೆ ನಾನು ಕಾರು ನಿಲ್ಲಿಸಿ ಇಳಿದು ನಡೆಯತೊಡಗಿದೆ. ಅತ್ತೆಗೆ ಇನ್ನು ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಸ್ವಲ್ಪ ದಿನಕ್ಕೆ ರತ್ನಕ್ಕ ಫೋನ್ ಮಾಡಿ ಮಗಳ ನಿಶ್ಚಿತಾರ್ಥಕ್ಕೆ ಕರೆದಳು. ಅತ್ತೆ ಫೋನ್ ಮುಟ್ಟಲಿಲ್ಲ.

“ನಾವ್ಯಾರೂ ಬರಾಕಾಗಲ್ಲ ಅಂತ ಹೇಳಮ್ಮ. ಮೊಮ್ಮಗಳಿಗೆ ಇಲ್ಲಿಂದಲೇ ಆಶೀರ್ವಾದ ಮಾಡ್ತೀನಿ. ಅವಳ ಮನೆ ಬಾಗ್ಲಿಗೆ ನಿನ್ನ ಇನ್ನೊಂದ್ಸಲ ಕಳ್ಸಲ್ಲ.”

ಅಜ್ಜಿಯಿಲ್ಲದ ನಿಶ್ಚಿತಾರ್ಥ! ಅದೂ ನನ್ನ ಕ್ಷೇಮಕ್ಕಾಗಿ! ರತ್ನಕ್ಕನಿಗೆ, ಆಮೇಲೆ ಹೇಳ್ತೀನಿ ಅಕ್ಕ ಎಂದು ಫೋನಿಟ್ಟೆ. ಅಳು ಬಂತು. ಅದು ಆ ವಾರದ ಅಳುವಾಗಿರಲಿಲ್ಲ, ನಿಜವಾದದ್ದೇ.

ಎದೆನೋವು ತಡೆಯದೆ ಬಟವಾಡಿಯ ಲೇಡಿ ಡಾಕ್ಟರ ಹತ್ತಿರ ಹೋದದ್ದು ಅದೇ ಸಮಯದಲ್ಲಿ. ನಿದ್ದೆಗೇಡು, ಊತ, ಸಿಟ್ಟು, ಎಲ್ಲ ಹೇಳಿಕೊಂಡೆ.

“ಸಿಟ್ಟು ಯಾವಾಗ ಜಾಸ್ತಿಯಮ್ಮ?”

“ಗುಬ್ಬಿಗೆ ಹೋದಾಗ ಡಾಕ್ಟ್ರೇ.”

“ಗುಬ್ಬಿಗೆ ಯಾವಾಗ ಹೋಗ್ತೀರಿ?”

“ದೇವಸ್ಥಾನಕ್ಕಲ್ವಾ? ಮುಟ್ಟಾಗೋದ್ರೊಳಗೆ ಹೋಗಿ ಬಂದ್ಬಿಡ್ತೀವಿ.”

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. “ಅಲ್ರೀ, ಬೇರೆ ವಾರಗಳಿಗೆಲ್ಲ ರಜ ಕೊಟ್ಟು, ಸಿಟ್ಟು ಬರೋ ವಾರನೇ ಹುಡುಕಿ ಹುಡುಕಿ ನೆಂಟರ ಮನೆಗೆ ಹೋಗ್ತೀರಲ್ಲ!”

ನನಗೆ ಅಲ್ಲೇ ಜ್ಞಾನೋದಯವಾಯಿತು. ಗುಬ್ಬಿಯೊಂದೇ ಅಲ್ಲ. ಹಪ್ಪಳ ಒತ್ತುವುದು, ಉಪ್ಪಿನಕಾಯಿ ಹಾಕುವುದು, ದೇವರ ಮನೆ ತೊಳೆಯುವುದು, ಹರಕೆ ತೀರಿಸುವುದು, ಗೃಹಪ್ರವೇಶಗಳಿಗೆ ಹೋಗಿ ನಗುನಗುತ್ತಾ ಕುಂಕುಮ ತೆಗೆದುಕೊಳ್ಳುವುದು, ಎಲ್ಲವನ್ನೂ ‘ಮುಟ್ಟಿಗೆ ಮೊದಲು ಮುಗಿಸಿಬಿಡೋಣ’ ಎಂದು ನಾವು ಹೆಂಗಸರು ತುರುಕುವುದು ಅದೇ ವಾರಕ್ಕೆ. ಮಡಿಯ ಹೆಸರಿನಲ್ಲಿ, ತಿಂಗಳಲ್ಲೇ ಅತಿ ಕಡಿಮೆ ತಾಳ್ಮೆ ಇರುವ ದಿನಗಳನ್ನು ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸಗಳಿಗೆ ಮೀಸಲಿಟ್ಟಿದ್ದೇವೆ. ಇಷ್ಟಾದರೂ ನಮ್ಮ ಉಪ್ಪಿನಕಾಯಿ ಕೆಡುವುದಿಲ್ಲವೆಂದರೆ ದೇವರು ದೊಡ್ಡವನು.

ಉಪ್ಪು, ಕಾಫಿ ಕಡಿಮೆ ಮಾಡಿ, ದಿನಾ ನಡೆಯಿರಿ, ಹೊತ್ತಿಗೆ ಸರಿಯಾಗಿ ಮಲಗಿ ಎಂದರು ಡಾಕ್ಟರು. ಇಷ್ಟಕ್ಕೂ ಬಗ್ಗದಿದ್ದರೆ, ಬದುಕೇ ಸಾಕೆನಿಸಿದರೆ, ಸಹಿಸಿಕೊಂಡು ಕೂರದೆ ತಕ್ಷಣ ಬನ್ನಿ, ಅದಕ್ಕೂ ಔಷಧಿಯಿದೆ ಎಂದು ಒತ್ತಿ ಹೇಳಿದರು. ಕಾಫಿ ಎಂದಾಗ ಮಾತ್ರ ನನಗೆ ಬದುಕು ಅರೆಕ್ಷಣ ಸಾಕೆನಿಸಿದ್ದು ನಿಜ. ದಿನಕ್ಕೊಂದು ಲೋಟ ಉಳಿಸಿಕೊಟ್ಟರು. ಅದೂ ಒಂದು ಕೃಪೆಯೇ.

ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. “ಡಾಕ್ಟ್ರಿಗೇನ್ ಗೊತ್ತು ಬುಡು. ನಿಂಬೆಹಣ್ಣು ತುಳಿದ ಮಾರನೇ ದಿನಕ್ಕೇ ಸರಿಹೋಗ್ತಿರಲಿಲ್ವಾ ನೀನು?”

ನಾನು ವಾದ ಬಿಟ್ಟು ಒಂದು ಬೇಡಿಕೆಯಿಟ್ಟೆ: ಈ ತಿಂಗಳು ಗುಬ್ಬಿಯೂ ಬೇಡ, ನಿಂಬೆಹಣ್ಣೂ ಬೇಡ, ಸುಮ್ಮನೆ ನೋಡೋಣ. ನನಗೇನಾದರೂ ಆದರೆ ತಾವು ಜವಾಬ್ದಾರರಲ್ಲವೆಂದು ಮಗನೆದುರು ಹೇಳಿ ಒಪ್ಪಿಕೊಂಡರು.

ನಾನು ನಡೆದೆ, ಉಪ್ಪು ಬಿಟ್ಟೆ, ಹೊತ್ತಿಗೆ ಸರಿಯಾಗಿ ಮಲಗಿದೆ. ಬಳೆ ಅಷ್ಟು ಬಿಗಿಯಲಿಲ್ಲ, ಸೋಪಿನ ಜಾಹೀರಾತಿಗೆ ಸೆರಗಿನ ತುದಿಯಷ್ಟೇ ಒದ್ದೆಯಾಯಿತು. ಆದರೂ ಒಂದು ಬೆಳಿಗ್ಗೆ ಕುಕ್ಕರು ಕೂಗಲಿಲ್ಲವೆಂದು ನಾನೇ ಅದರ ಬದಲು ಕೂಗಿ, ಮುಚ್ಚಳವನ್ನು ಸಿಂಕಿಗೆ ಎಸೆದೆ. ಅತ್ತೆಯ ಕೈ ಫ್ರಿಜ್ಜಿನ ಬಾಗಿಲವರೆಗೂ ಹೋಗಿ ನಿಂತಿತು. ಕೊಟ್ಟ ಮಾತು! ಮರುದಿನ ನಾನು ಮುಟ್ಟಾದೆ. ಮಧ್ಯಾಹ್ನಕ್ಕೆ ಕುಕ್ಕರಿನ ಕ್ಷಮೆ ಕೇಳುವಷ್ಟು ಶಾಂತಳಾಗಿದ್ದೆ. ನಿಂಬೆಹಣ್ಣು ಗುಳಿಯಲ್ಲೇ ಇತ್ತು. ರತ್ನಕ್ಕ ಗುಬ್ಬಿಯಲ್ಲೇ ಇದ್ದಳು.

ಅತ್ತೆ ಫ್ರಿಜ್ಜಿನ ಬಾಗಿಲು ತೆರೆದು ಆ ಹಣ್ಣನ್ನು ನೋಡಿ ಮತ್ತೆ ಮುಚ್ಚಿದರು. ಆಮೇಲೆ, ಯಾರಿಗೋ ಎಂಬಂತೆ, “ನಾನೂ ಒಂದ್ಸಲ ನಿಮ್ಮ ಮಾವನ ಮೇಲೆ ಮುದ್ದೆ ಕೋಲು ಬೀಸಿದ್ದೆ ಕಣಮ್ಮ. ನಮ್ಮತ್ತೆ ಒಂದು ಬುಟ್ಟಿ ನಿಂಬೆಹಣ್ಣು ಹಾಳು ಮಾಡಿದ್ರು” ಎಂದರು.

“ಕೋಲು ತಗುಲಿತಾ ಅತ್ತೆ?”

“ಇಲ್ಲ, ಬಗ್ಗಿಬಿಟ್ರು. ಅಭ್ಯಾಸ ಆಗಿತ್ತು ಅನ್ಸುತ್ತೆ.” ಹಾಗೆಂದವರೇ, “ರತ್ನಂಗೆ ಫೋನ್ ಹಚ್ಚು” ಎಂದರು.

ನಿಶ್ಚಿತಾರ್ಥಕ್ಕೆಂದು ಎರಡೂ ಕಡೆಯವರು ಕೂಡಿ ಹುಡುಕಿದ್ದ ಶುಭದಿನ ನನ್ನ ಪಾಲಿಗೆ ಬಂದದ್ದು ಮುಂದಿನ ತಿಂಗಳ ಅದೇ ಸಿಟ್ಟಿನ ವಾರದಲ್ಲಿ! ಊದಿಕೊಂಡ ಮುಖ ಹೊತ್ತು ಗುಬ್ಬಿಗೆ ಹೋದೆ. ಯಜಮಾನರು ದಾರಿಯುದ್ದಕ್ಕೂ ಶಿಳ್ಳೆ ಹಾಕಲಿಲ್ಲ. ರತ್ನಕ್ಕ ಓಡಿ ಬಂದು ಕೈ ಹಿಡಿದು, ಏನೂ ಅರಿಯದೆ, “ಮತ್ತೆ ಮುಖ ತುಂಬ್ಕೊಂಡಿದೀಯಲ್ಲೇ!” ಎಂದಳು. ಅತ್ತೆ ನನ್ನ ಹಿಂದೆಯೇ ಇದ್ದರು.

“ತುಂಬ್ಕೊಳ್ದೆ ಇನ್ನೇನೇ ರತ್ನ, ಅವಳು ಮುಟ್ಟಾಗೋ ದಿನ ಹತ್ರ ಬಂದೈತೆ! ಇವತ್ತು ಅವಳಿಗೆ ಯಾರೂ ಕೆಲಸ ಹೇಳ್ಬೇಡಿ, ಬೈಸ್ಕೊಂತೀರ!” ಎಂದು ಅತ್ತೆ ಸಾರಿದರು. ಚಪ್ಪರದಲ್ಲಿ ಕೂತಿದ್ದ ಗಂಡಿನ ಕಡೆಯ ಹಿರಿಯರು ತಮ್ಮ ತಮ್ಮ ಕಾಲ್ಬೆರಳುಗಳನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣವೆನಿಸಿತು. ಆದರೆ ರತ್ನಕ್ಕ ಹೊಟ್ಟೆ ಹಿಡಿದು ನಗುತ್ತಿದ್ದಳು; ನಗುನಗುತ್ತಲೇ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಅವಳ ತಲೆಯ ಮೇಲಿಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.

ಆಮೇಲೆ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ, ಅತ್ತೆ ತಮ್ಮ ಕೈಚೀಲದಿಂದ ಒಂದು ನಿಂಬೆಹಣ್ಣು ತೆಗೆದರು. ದುಂಡನೆಯದು, ಒಂದು ಕಲೆಯೂ ಇಲ್ಲದ್ದು, ತುದಿಗುಳಿಯದೇ. ಅಭ್ಯಾಸಬಲದಿಂದ ನಾನು ಎಡಗಾಲು ಮುಂದೆ ಚಾಚಿದೆ. ಅತ್ತೆ ಅದನ್ನು ಹೋಳು ಮಾಡಿ, ಲೋಟಕ್ಕೆ ಹಿಂಡಿ, ಬೆಲ್ಲ ಕದಡಿ, “ಉಪ್ಪು ಹಾಕಿಲ್ಲ, ಕುಡಿ” ಎಂದರು. ನಾನು ಕಣ್ಣು ಮುಚ್ಚಿ ಕುಡಿಯುವಾಗ, ಹಿಂಡಿದ ಸಿಪ್ಪೆಯನ್ನು ಸದ್ದಿಲ್ಲದೆ ನನ್ನ ತಲೆಯ ಸುತ್ತ ಒಂದು ಸಲ ಸುತ್ತಿಸಿದ್ದು ಕೈಬಳೆಯ ಶಬ್ದದಿಂದ ತಿಳಿಯಿತು. ನಾನು ಕಣ್ಣು ತೆರೆಯಲಿಲ್ಲ.